ನೈರೋಬಿಯಲ್ಲಿ ನನ್ನ ಮನೆ ಕೇಳಿದವನು

ನಮ್ಮ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಾಳೆ! ತಲೆ ತುಂಬ ಕೂದಲು, ಮೂಗು ಮಾತ್ರ ನನ್ನ ಬೀಗ ಮಾದಪ್ಪನದೇ. ಆ ಮೂಗು ಕಂಡ ಮೇಲೆ ಬಾಯಿ ಕಟ್ಟಿಕೊಂಡಿರಲು ಆಗುತ್ತಿಲ್ಲ — ಈ ಮಾದಪ್ಪನನ್ನು ನಾನು ಒಮ್ಮೆ ಗೊತ್ತೇ ಇಲ್ಲ ಎಂದುಬಿಟ್ಟಿದ್ದೆ.

ನಾವಿಬ್ಬರೂ ಬನ್ನೂರಿನವರು. ರೈಲುಹಾದಿಯ ಕೂಲಿಗೆಂದು ಹಡಗು ಹತ್ತಿ ಆಫ್ರಿಕಕ್ಕೆ ಹೋದೆವು. ಕಾಡಿನ ನಡುವೆ ಗುಡಾರ, ಇಬ್ಬರಿಗೂ ಒಂದೇ ಒಲೆ. ಅಲ್ಲಿನ ಹಳ್ಳಿಯವರೂ ರಾಗಿ ಬೆಳೆಯುತ್ತಿದ್ದರು. ಊರು ಬಿಟ್ಟೆವೆಂದೇ ಅನ್ನಿಸಿರಲಿಲ್ಲ. ಆಮೇಲೆ ನಾನೊಬ್ಬನೇ ರಾಜಧಾನಿ ನೈರೋಬಿಗೆ, ಬಟ್ಟೆ ಅಂಗಡಿಯ ಕೆಲಸಕ್ಕೆ ಬಂದೆ. ಅಬ್ಬ, ಆ ಗದ್ದಲ! ತಗಡಿನ ಅಂಗಡಿಗಳೆಲ್ಲ ಒಂದೇ ತರಹ, ಬೀದಿಗೊಂದು ಭಾಷೆ, ಎತ್ತ ತಿರುಗಿದರೂ ಯಾರದೋ ಗಾಡಿ, ಯಾರದೋ ಬೈಗುಳ. ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕ ಹಾಗೆ. ಕೋಟು ತೊಟ್ಟೆ, ಕನ್ನಡ ಬಿಟ್ಟೆ — ತುಟಿ ಬಿಚ್ಚದಿದ್ದರೆ ಪಟ್ಟಣದವನ ಹಾಗೆ ಕಾಣುತ್ತೇನೆಂದು...

ಒಂದು ದಿನ ಮಾದಪ್ಪ ಬಂದ, ತಲೆಯ ಮೇಲೆ ಗಂಟು ಹೊತ್ತು. ನಮ್ಮ ಕಡೆ ಊರಬಾಗಿಲಲ್ಲಿ ನಿಂತು ಕೂಗಿ ಮನೆ ಕೇಳುವುದಿಲ್ಲವೇ — ಹಾಗೆಯೇ ಆ ರಾಜಧಾನಿಯ ನಡುಬೀದಿಯಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದ:

"ಬನ್ನೂರು ಕೆಂಪಣ್ಣನ ಮನೆ ಯಾವ್ದ್ರಪ್ಪೋ? ರಾಗಿ ಇಟ್ಟು ತಂದಿವ್ನಿ, ಎಸರಿಡು ಅನ್ನಿ ಅವುನ್ಗೆ!"

ಬೀದಿಯೇ ನಕ್ಕಿತು. ನಮ್ಮ ಅಂಗಡಿಯ ಸಾಹುಕಾರ ನನ್ನತ್ತ ತಿರುಗಿ, ನಿಮ್ಮವನೇನು ಎಂದ. ಗೊತ್ತಿಲ್ಲ ಎಂದೆ. ನೇತುಹಾಕಿದ ಬಟ್ಟೆಗಳ ಮರೆಗೆ ಸರಿದು ನಿಂತೆ. ಕೂಗು ದೂರ ದೂರ ಹೋಯಿತು... ನಾಚಿಕೆಯೋ, ಭಯವೋ — ಇವತ್ತಿಗೂ ನನಗೇ ತಿಳಿಯದು. ಇಬ್ಬರೂ ಊರಿಗೆ ಮರಳಿದ ಮೇಲೆ, ಎಷ್ಟು ಹುಡುಕಿದರೂ ನೀನು ಸಿಗಲಿಲ್ಲವಲ್ಲ ಎಂದು ಅವನೇ ನೊಂದುಕೊಂಡ. ಮುಂದೆ ಅವನ ಮಗನಿಗೇ ನನ್ನ ಮಗಳನ್ನು ಕೊಟ್ಟೆ. ಅದು ಪ್ರೀತಿಯೋ, ತಪ್ಪು ಮುಚ್ಚುವ ಬಗೆಯೋ —

ಇವತ್ತು ಪುರುಡು ಕಳೆಯಿತು. ಸಂಜೆ ಮಗುವನ್ನು ನೋಡಲು ಬಂದ ಬೀಗರ ಜೊತೆ ಮನೆಯವರೆಲ್ಲ ಊಟಕ್ಕೆ ಕುಳಿತೆವು. "ಮೂಗು ನಂದೇ ಕಣ್ಲಾ ಬೀಗ, ನಿಂದೇನೂ ನಡೀಲಿಲ್ಲ!" ಎಂದು ಮಾದಪ್ಪ ಹಿಗ್ಗುತ್ತಿದ್ದ. ನೈರೋಬಿಯ ಆ ದಿನದ್ದನ್ನು ಅಲ್ಲೇ ಹೇಳಿಬಿಟ್ಟೆ, ಎಲ್ಲರೆದುರಿಗೆ.

ಮುದ್ದೆ ಮುರಿಯುತ್ತಿದ್ದ ಅವನ ಕೈ ನಿಂತಿತು. ತಲೆಯೆತ್ತದೆ ಕೇಳಿದ:

"ಆವತ್ತು ನೀ ಉಂಡಿದ್ದಾ?"

"ಉಂಡಿದ್ದೆ."

ಅವನ ಕೈ ಮತ್ತೆ ಮುದ್ದೆ ಮುರಿಯಿತು. ಒಳಗೆ ಮಗು ಅತ್ತಿತು. ನನ್ನ ಹೆಂಡತಿ ಅವನ ಎಲೆಗೆ ಇನ್ನೊಂದು ಮುದ್ದೆ ಇಟ್ಟಳು; ಬೇಡವೆನ್ನಲಿಲ್ಲ. ಎಲ್ಲರೂ ಉಣ್ಣತೊಡಗಿದರು. ಅವನ ಪಕ್ಕದಲ್ಲೇ ಕೂತು ನಾನೂ ಉಂಡೆ.