ನಾವೆಯ ಕಟಕಟೆಗೆ ಕೂರಿಗೆಯ ಕೊಳವೆ

ಅಪ್ಪನ ಕೈ ನಡುಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು, ಅಪ್ಪನೊಬ್ಬನನ್ನು ಬಿಟ್ಟು. ಒಕ್ಕಲಿಗನ ಕೈಯೋ ಅಂಗಡಿಕಾರನ ಕೈಯೋ ನಡುಗಿದ್ದರೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮದು ಕ್ಷೌರದ ಮನೆ. ಸಿಂದಗಿ ತಾಲೂಕಿನಲ್ಲಿ ಭೀಮಾ ನದಿಯ ದಂಡೆಗಿದ್ದ ಆ ಊರಿನ ಹೆಚ್ಚಿನ ಗಲ್ಲಗಳು ಮುತ್ತಜ್ಜನ ಕಾಲದಿಂದ ನಮ್ಮ ಮನೆಯವರ ಕೈಯಲ್ಲೇ ಬೆಳೆದು ಮುಪ್ಪಾಗಿದ್ದವು.

ಅರವತ್ತನೇ ಇಸವಿಯ ಆಸುಪಾಸಿನ ಮಾತು. ಗಾಯ ಮಾಡಿಸಿಕೊಂಡವರು ಯಾರೂ ಅಪ್ಪನ ಮುಂದೆ ಬಾಯಿ ಬಿಡುತ್ತಿರಲಿಲ್ಲ. "ಅಲ್ಲೊಂದು ಗುಳ್ಳಿ ಇತ್ತು ಬಿಡು ಕಾಕಾ" ಎಂದು ರಕ್ತ ನಿಲ್ಲಲು ಪಟಿಕದ ಕಲ್ಲು ಉಜ್ಜಿಸಿಕೊಂಡು ಏಳುತ್ತಿದ್ದರು. ಒಂದೆರಡು ಸಲ ಹೀಗಾದ ಮೇಲೆ ಗಡ್ಡ ಬಿಡುತ್ತಿದ್ದರು. ಕೇಳಿದರೆ ಹರಕೆ ಎನ್ನುತ್ತಿದ್ದರು. ಆ ವರ್ಷ ನಮ್ಮೂರಲ್ಲಿ ಗಡ್ಡದ ಹರಕೆ ಹೊತ್ತವರು ಬಹಳ ಜನ. ಅಪ್ಪ ಅದನ್ನೂ ನಂಬಿದ. "ಮಂದ್ಯಾಗ ಭಕ್ತಿ ಹೆಚ್ಚಾತು ನೋಡು" ಎಂದು ನನಗೇ ಹೇಳಿದ. ನಾನು ಹೂಂ ಅಂದೆ. ಬೇರೆಯವರ ಮೇಲೆ ಎಗರಾಡುವ ನನ್ನ ನಾಲಿಗೆ ಅಪ್ಪನ ಮುಂದೆ ಮಾತ್ರ ಒಣಗಿ ಅಂಟಿಕೊಳ್ಳುತ್ತಿತ್ತು.

ಗಿರಾಕಿಗಳ ಗಲ್ಲದ ಮಾತಾಗಿದ್ದರೆ ಹಾಗೇ ನಡೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ನನಗೆ ಮಗಳು ಹುಟ್ಟಿದಳು. ಹೆಂಡತಿ ಚೊಚ್ಚಲ ಬಾಣಂತನಕ್ಕೆ ಹೊರ್ತಿಯ ತವರಿನಲ್ಲಿದ್ದಳು. ತಾಯಿ ಮಗು ಮನೆಗೆ ಬಂದ ಮೇಲೆ ನಮ್ಮ ಮುಸಲ್ಮಾನರ ರೂಢಿಯಂತೆ ಅಕೀಕಾ ಮಾಡಿ ಕೂಸಿನ ಹುಟ್ಟುಗೂದಲು ತೆಗೆಯಬೇಕಿತ್ತು. ನಮ್ಮ ಮನೆಯ ಕೂಸುಗಳ ತಲೆಗೆ ಮೊದಲ ಕತ್ತಿ ಇಡುವುದು ಮನೆಯ ಹಿರಿಯ. ನನ್ನ ತಲೆಗೆ ಅಜ್ಜ ಇಟ್ಟಿದ್ದ. ಅಪ್ಪ ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನವೇ ಪೆಟ್ಟಿಗೆಯ ತಳದಿಂದ ತನ್ನ ಅಪ್ಪನ ಕತ್ತಿ ತೆಗೆದು ಸಾಣೆ ಹಿಡಿಯಲು ಕೂತ.

ನಾನು ಹೊರ್ತಿಗೆ ಹೋದಾಗ ಹೆಂಡತಿ ಕೂಸಿನ ನೆತ್ತಿಯ ಮೇಲೆ ನನ್ನ ಬೆರಳಿಟ್ಟಳು. ಮೆತ್ತಗೆ ಮಿಡಿಯುತ್ತಿತ್ತು. "ಮಾವಾರ ಮ್ಯಾಲ ನನಗ ಜೀವ ಐತಿ" ಅಂದಳು. "ಆದ್ರ ಅವರ ಕತ್ತಿ ಕೆಳಗ ಈ ತಲಿ ನಾ ಕೊಡೂದಿಲ್ರಿ. ನೀವ ಅವರಿಗೆ ಹೇಳ್ರಿ."

ಹೇಳುತ್ತೇನೆ ಅಂದೆ. ಹೇಗೆ ಹೇಳುವುದು? ನಿನ್ನ ಕೈ ಹೋಗಿದೆ ಎಂದು ಕ್ಷೌರಿಕನಿಗೆ ಹೇಳುವುದೂ, ಕಣ್ಣು ಹೋಗಿದೆ ಎಂದು ಸಿಂಪಿಗನಿಗೆ ಹೇಳುವುದೂ ಒಂದೇ. ಊರಿಗೆ ಬಂದವನು ನಾಳೆ ನಾಳೆ ಎಂದು ದಿನ ದೂಡಿದೆ. ಒಳಗೆ ಭಯ, ಭಯದ ಮೇಲೆ ಸಿಟ್ಟು. ಆ ಸಿಟ್ಟನ್ನು ಅಂಗಡಿಯ ಕನ್ನಡಿ ಒರೆಸುವುದರಲ್ಲಿ ತೀರಿಸಿಕೊಳ್ಳುತ್ತಿದ್ದೆ.

ಸೋಮವಾರ ನಮ್ಮ ಕಡೆ ಒಕ್ಕಲಿಗರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ತಮ್ಮ ಗಲ್ಲಕ್ಕೆ ಕತ್ತಿಯನ್ನೂ ಮುಟ್ಟಿಸುವುದಿಲ್ಲ. ಹಾಗಾಗಿ ಸೋಮವಾರ ಅಂಗಡಿ ಮುಚ್ಚಿ ಅಪ್ಪ ಹೊಳೆಗೆ ಹೋಗುತ್ತಿದ್ದ. ಊರಿನ ಅಂಬಿಗ ಅವನ ಓರಗೆಯವನು, ದೋಸ್ತ. ಜನರನ್ನು ದಾಟಿಸುವ ದೊಡ್ಡ ನಾವೆಯಲ್ಲದೆ ಅವನಲ್ಲಿ ಇನ್ನೊಂದು ಸಣ್ಣ ನಾವೆ ಇತ್ತು. ಸಂತೆಗೆ ಹೋಗುವ ಆಡು ಮರಿಗಳು ನೀರಿಗೆ ಹಾರಬಾರದೆಂದು ಅದರ ಎರಡೂ ಬದಿಗೆ ಮೊಳಕಾಲೆತ್ತರ ಕಟ್ಟಿಗೆಯ ಕಟಕಟೆ ಕಟ್ಟಿದ್ದ. ಸೋಮವಾರ ಆ ನಾವೆಯನ್ನು ಮಡುವಿಗೆ ಒಯ್ದು ನಿಲ್ಲಿಸಿ ಇಬ್ಬರೂ ಗಾಳ ಹಾಕುತ್ತಿದ್ದರು. ಆಗಾಗ ನಾನೂ ಜೊತೆಗೆ ಹೋಗುತ್ತಿದ್ದೆ.

ಗಾಳ ಹಾಕುವವನಿಗೆ ಮೀನು ಕಚ್ಚಿದ್ದು ಗೊತ್ತಾಗುವುದು ಕೋಲಿನ ತುದಿಯಿಂದ. ತುದಿ ಟುಕ್ ಟುಕ್ ಎಂದರೆ ಎಳೆಯಬೇಕು. ಅಪ್ಪನ ಕೋಲು ಸದಾ ಟುಕ್ ಟುಕ್ ಎನ್ನುತ್ತಿತ್ತು. ಅವನು ಎಳೆಯುತ್ತಿದ್ದ, ಬರಿಗಾಳ ಮೇಲೆ ಬರುತ್ತಿತ್ತು. ಮತ್ತೆ ಹಾಕುತ್ತಿದ್ದ, ಮತ್ತೆ ಎಳೆಯುತ್ತಿದ್ದ. ಆ ಗದ್ದಲಕ್ಕೆ ಮಡುವಿನ ಮೀನೆಲ್ಲ ಆಚೆ ದಂಡೆ ಸೇರಿರಬೇಕು. ಒಂದು ಸೋಮವಾರ ಬಿಸಿಲೇರಿ ಬುಟ್ಟಿ ಬರಿದೇ ಇದ್ದಾಗ ಅಪ್ಪ ಕೋಲು ಕುಕ್ಕಿ, "ಮೀನಿಂದ ತಪ್ಪಿಲ್ಲ. ನಿನ್ನ ನಾವಿ ಅಲಗಾಡಾಕತ್ತೈತಿ" ಅಂದ.

ಅಂಬಿಗನಿಗೆ ಹೆಂಡತಿಯನ್ನು ಬೈದರೂ ನಡೆಯುತ್ತಿತ್ತು, ನಾವೆಯನ್ನು ಬೈಯಬಾರದು. ಅವನು ಗಡ್ಡ ಕೆರೆದುಕೊಂಡು (ಅವನದೂ ಹರಕೆಯ ಗಡ್ಡವೇ), "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದುಬಿಟ್ಟ. ಅಂದವನೇ ನಾಲಿಗೆ ಕಚ್ಚಿಕೊಂಡ. ಮಾತು ಈಗ ಹೊರಬೀಳುತ್ತದೆ ಎಂದು ಕಾದೆ. ಹೊರಬೀಳಲೆಂದು ಆಸೆಯೂ ಪಟ್ಟೆ.

ಅಪ್ಪನ ಮುಖ ಕೆಂಪಾಯಿತು. "ಅಂದ್ರ ನಾ ಸುಳ್ಳ ಹೇಳತೇನಿ? ಕೋಲು ನಿನ್ನ ಕಟಕಟಿಗೇ ಬಿಗಿದು ನೋಡೋಣು. ನಾವಿ ಅಲಗತೈತೋ ಇಲ್ಲೋ ಕೋಲ ಹೇಳತೈತಿ."

ಮರುದಿನವೇ ಬಡಿಗನನ್ನು ಹೊಳೆಗೆ ಕರೆದುಕೊಂಡು ಬಂದ. ನಮ್ಮೂರ ಬಡಿಗ ಕೂರಿಗೆಗೆ ಹೆಸರಾದವನು. ಕನ್ನೊಳ್ಳಿಯ ಕಡೆಯಿಂದಲೂ ಒಕ್ಕಲಿಗರು ಬಿತ್ತನೆಯ ಕೂರಿಗೆ ಮಾಡಿಸಲು ಅವನ ಬಳಿ ಬರುತ್ತಿದ್ದರು. ನಾವೆಯ ಕೆಲಸ ಮಾತ್ರ ಜನ್ಮದಲ್ಲಿ ಮಾಡಿದವನಲ್ಲ. ಅಪ್ಪ ಕೈಸನ್ನೆಯಲ್ಲೇ ವಿವರಿಸಿದ: ಕಟಕಟೆಗೆ ಹೊರಬದಿಯಲ್ಲಿ ಓರೆಯಾಗಿ ಒಂದು ಕೊಳವೆ ಬೇಕು, ಅದರಲ್ಲಿ ಗಾಳದ ಕೋಲಿನ ಬುಡ ಇಳಿಬಿಟ್ಟರೆ ಕೋಲು ತನ್ನಷ್ಟಕ್ಕೆ ನಿಲ್ಲಬೇಕು. "ಕೊಳವಿ ಅಲ್ಲೇನ್ರಿ, ತಿಳೀತು" ಅಂದ ಬಡಿಗ.

ಗಟ್ಟಿ ಬಿದಿರು ಆರಿಸಿ, ಕಾಯಿಸಿದ ಕಬ್ಬಿಣದ ಸಳಿಯಿಂದ ಒಳಗಿನ ಗಿಣ್ಣುಗಳನ್ನು ಸುಟ್ಟು, ಎರಡು ಕೊಳವೆ ಮಾಡಿದ. ಕಟಕಟೆಯ ಅಡ್ಡಪಟ್ಟಿಯಲ್ಲಿ ಸಣ್ಣ ಕಚ್ಚು ಕೊರೆದು, ಕೊಳವೆಯನ್ನು ಓರೆಯಾಗಿ ಕೂರಿಸಿ, ನೆನೆಸಿದ ತೊಗಲಿನ ಪಟ್ಟಿಯಿಂದ ಬಿಗಿದು ಸುತ್ತಿದ. ಕೆಲಸ ನೋಡಲು ಚೆಂದವಿತ್ತು. ಸೋಮವಾರ ಅಪ್ಪ ನಾವೆ ಹತ್ತಿ, ಗಾಳಕ್ಕೆ ಎರೆಹುಳು ಚುಚ್ಚಿ ನೀರಿಗೆ ಬಿಟ್ಟು, ತನ್ನ ಮೆಚ್ಚಿನ ಕೋಲನ್ನು ಕೊಳವೆಗೆ ಇಳಿಬಿಟ್ಟ. ಕೋಲು ಮೇಲಿನ ಬಾಯಿಯಿಂದ ಹೊಕ್ಕು, ಕೆಳಗಿನ ಬಾಯಿಯಿಂದ ಸುಂಯ್ ಎಂದು ಹೊರಬಿದ್ದು ಹೊಳೆ ಪಾಲಾಯಿತು.

ಬಡಿಗ ಮಾಡಿದ್ದು ಅಪ್ಪಟ ಕೂರಿಗೆ ಕೊಳವೆ. ಬೀಜ ಮೇಲೆ ಹಾಕಿದರೆ ಕೆಳಗೆ ಬೀಳಬೇಕಲ್ಲ. ಅಂಬಿಗ ನಗುತ್ತಲೇ ಜಲ್ಲೆಯಿಂದ ನಾವೆ ನೂಕಿ ತೇಲಿಹೋಗುತ್ತಿದ್ದ ಕೋಲಿನ ಬೆನ್ನು ಹತ್ತಿದ. ಮುಳ್ಳುಕಂಟಿಯಲ್ಲಿ ಸಿಕ್ಕಿದ್ದನ್ನು ನಾನು ಬಗ್ಗಿ ಹಿಡಿದೆ. ದಂಡೆಗೆ ಬಂದು ಅಪ್ಪ ಬಡಿಗನ ಮನೆಯ ಮುಂದೆಯೇ ನಿಂತ. "ಏನಪಾ, ಹೊಳಿಯೊಳಗ ಜ್ವಾಳ ಬಿತ್ತಬೇಕಂತ ಮಾಡಿಯೇನು?"

ಬಡಿಗ ಪೆಚ್ಚಾಗಲಿಲ್ಲ. "ಕೊಳವಿ ಅಂದಿರಿ, ಮಾಡೇನಿ. ತೂತು ಮುಚ್ಚಿ ಕೊಟ್ರ ಒಕ್ಕಲಿಗರು ನನ್ನ ಬೆನ್ನ ಮುರೀತಾರ್ರಿ" ಅಂದ. ನಗದೆ ಇರಲು ನನಗಾಗಲಿಲ್ಲ, ಅಪ್ಪನಿಗೂ ಆಗಲಿಲ್ಲ. ಬಡಿಗ ಮತ್ತೆ ಹೊಳೆಗೆ ಬಂದು ಕೊಳವೆಗಳ ಬುಡಕ್ಕೆ ಅಡ್ಡತೂತು ಕೊರೆದು ಜಾಲಿಯ ಗೂಟ ಹೊಡೆದ. ನೀರು ಕುಡಿದು ಸಡಿಲಾಗಿದ್ದ ತೊಗಲು ಬಿಚ್ಚಿ ಕಬ್ಬಿಣದ ಪಟ್ಟಿ ಬಿಗಿದ. ಅಂಬಿಗ ಎರಡೂ ಕೊಳವೆಗಳನ್ನು ಹಿಡಿದು ಜಗ್ಗಾಡಿ ನೋಡಿದ. ಮಿಸುಕಲಿಲ್ಲ.

ಅದರ ಮುಂದಿನ ಸೋಮವಾರ ಗಾಳಿ ಇರಲಿಲ್ಲ. ಹೆಂಡತಿ ಮಗು ಆ ವಾರದಲ್ಲೇ ಬರುವವರಿದ್ದರು, ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ನಾವೆಯನ್ನು ಮಡುವಿನ ನಡುವೆ ನಿಲ್ಲಿಸಿ ಎರಡು ಕೋಲುಗಳನ್ನು ಕೊಳವೆಗಳಲ್ಲಿ ಇಳಿಸಿದೆವು. ಈ ಸಲ ನಿಂತವು. ಅಪ್ಪ ತನ್ನ ಕೋಲಿನ ಮುಂದೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತು, "ಈಗ ನೋಡ್ರಿ" ಅಂದ.

ನೋಡಿದೆವು. ಕೋಲು ಅಲುಗಲಿಲ್ಲ. ತುದಿಯೂ ಅಲುಗಲಿಲ್ಲ. ನೀರಿನ ಮೇಲೆ ಹಾರಾಡುತ್ತಿದ್ದ ಒಂದು ಕೊಡತಿ ಹುಳ ಬಂದು ತುದಿಯ ಮೇಲೆ ಕೂತಿತು, ಆಗಲೂ ಅಲುಗಲಿಲ್ಲ.

ಅಪ್ಪ ಮುಂದೆ ಬಾಗಿ ಕಟಕಟೆಯ ಮೇಲೆ ಬಲಗೈ ಇಟ್ಟ. ಕೋಲಿನ ತುದಿ ನಡುಗತೊಡಗಿತು. ಕೈ ತೆಗೆದ. ನಿಂತಿತು. ಮತ್ತೆ ಇಟ್ಟ. ನಡುಗಿತು. ತೆಗೆದ. ಕೈಯನ್ನು ಕಣ್ಣೆದುರಿಗೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಅಂಬಿಗ ಆಚೆ ದಂಡೆಯ ಕಡೆ ಮುಖ ತಿರುಗಿಸಿದ. ನನಗೆ ಅಳು ಬಂತು. ಅಪ್ಪನನ್ನು ಅಲ್ಲಿಂದ ಎಬ್ಬಿಸಿ ಕರೆದುಕೊಂಡು ಹೋಗಬೇಕೆನಿಸಿತು. ನಾವೆಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗುವುದು?

ಆಮೇಲೆ ಅಪ್ಪನ ಕೋಲು ಟುಕ್ ಎಂದಿತು. ಮತ್ತೆ ಟುಕ್ ಟುಕ್ ಎಂದು ಬಾಗಿತು. ಅಪ್ಪ ಕೈ ಚಾಚಲಿಲ್ಲ. "ಎಳಿ" ಎಂದು ನನಗೆ ಹೇಳಿದ. ನಾನು ಎಳೆದೆ. ಮೊಳದುದ್ದದ ಬಾಳೆಮೀನು. ಬುಟ್ಟಿಗೆ ಹಾಕುವಾಗ ಅಪ್ಪ ಅಂಬಿಗನಿಗೆ, "ನಿನ್ನ ನಾವಿ ಛಲೋ ಐತಿ, ದೋಸ್ತ" ಅಂದ. ಅಂಬಿಗ "ಹೂಂ" ಅಂದ.

ಮನೆಯಲ್ಲೂ ಅಪ್ಪ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನು ಎಂದಿನಂತೆ ಅಂಗಡಿಗೆ ಬಂದ. ಆದರೆ ಗಿರಾಕಿ ಬಂದರೆ ನನ್ನ ಕಡೆ ಕಳಿಸಿ ತಾನು ನೀರು ಕಾಯಿಸುತ್ತ ಕೂತ. ಹೆಂಡತಿ ಮಗುವಿನೊಂದಿಗೆ ಬಂದಳು. ಬಂದವಳೇ "ಹೇಳಿದಿರೇನ್ರಿ?" ಎಂದು ಕೇಳಿದಳು. ಹೇಳುವುದು ಬೇಕಾಗಲಿಕ್ಕಿಲ್ಲ ಅಂದೆ. ಅವಳಿಗೆ ಅದು ಸಾಲಲಿಲ್ಲ. ಸಾಲುವಂಥ ಉತ್ತರವೂ ಅದಲ್ಲ. ಅಪ್ಪ ತನ್ನ ಅಪ್ಪನ ಕತ್ತಿಗೆ ದಿನಾ ಸಾಣೆ ಹಿಡಿಯುವುದನ್ನು ಬಿಟ್ಟಿರಲಿಲ್ಲವಲ್ಲ.

ಅಕೀಕಾದ ದಿನ ಪಡಸಾಲೆ ತುಂಬ ನೆಂಟರು. ಅವ್ವ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಪ್ಪ ಒಳಗಿನಿಂದ ಕತ್ತಿ ಹಿಡಿದು ಬಂದ. ಮುಂದೆ ಕೂತವರು ಹಿಂದಕ್ಕೆ ಸರಿದರು. ನೆಂಟರಿಗೂ ಗೊತ್ತಿತ್ತಲ್ಲ. ಹೆಂಡತಿ ಕೂಸನ್ನು ಅವ್ವನ ತೊಡೆಯಿಂದ ಎತ್ತಿಕೊಂಡು ಗೋಡೆಗೆ ಒರಗಿ ನಿಂತಳು. ಮಾವನ ಎದುರು ಸೆರಗು ಸರಿಸದವಳು ಅಂದು ಅವನನ್ನೇ ದಿಟ್ಟಿಸಿ ನೋಡುತ್ತಿದ್ದಳು. ನಾನು ಎದ್ದು ನಿಂತೆ.

ಅಪ್ಪ ಕತ್ತಿಯನ್ನು ನನ್ನ ಕೈಗೆ ಕೊಟ್ಟ. ಟೊಪ್ಪಿಗೆ ತೆಗೆದು ಮಣೆಯ ಮೇಲೆ ನನಗೆ ಬೆನ್ನು ಮಾಡಿ ಕೂತು, "ಮೊದಲ ನನ್ನ ತಲಿ ಬೋಳಸು" ಅಂದ.

ನನಗೆ ಕಸಬು ಕಲಿಸಿದವನು ಅವನೇ. ಆದರೂ ಒಮ್ಮೆಯೂ ನನಗೆ ತಲೆ ಕೊಟ್ಟವನಲ್ಲ. ತನ್ನ ಕ್ಷೌರಕ್ಕೆ ಬಸ್ಸು ಹತ್ತಿ ಇಂಡಿಯ ಹಳೇ ಗೆಳೆಯನ ಹತ್ತಿರ ಹೋಗುತ್ತಿದ್ದ. ನೀರು ಹಚ್ಚಿ, ಎಡಗೈಯಿಂದ ತಲೆ ಹಿಡಿದು ಕತ್ತಿ ಇಟ್ಟೆ. ಅವನ ಕೈಗಳು ಮೊಳಕಾಲಿನ ಮೇಲೆ ನಡುಗುತ್ತಿದ್ದವು. ಅವನ್ನು ಮುಚ್ಚಿಟ್ಟುಕೊಳ್ಳಲು ನೋಡಲಿಲ್ಲ. ಎಲ್ಲರ ಕಣ್ಣೆದುರೇ ನಡುಗಲಿಕ್ಕೆ ಬಿಟ್ಟಿದ್ದ. ತಲೆ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಬಿಳಿಗೂದಲು ಅವನ ಹೆಗಲ ಮೇಲೆ ಬೀಳುತ್ತಿತ್ತು.

ಮುಗಿದ ಮೇಲೆ ಅಪ್ಪ ಎರಡೂ ಕೈ ಎತ್ತಿ ಬೋಳುತಲೆಯ ಮೇಲೆಲ್ಲ ಆಡಿಸಿದ. ಕಿವಿಯ ಹಿಂದೆ, ನೆತ್ತಿಗೆ, ಹಿಂದಲೆಗೆ, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ಬೆರಳಿನಿಂದ ಹುಡುಕಿದ. ಬೆರಳುಗಳನ್ನು ನೋಡಿಕೊಂಡ. ರಕ್ತ ಇರಲಿಲ್ಲ. ಮಣೆಯಿಂದ ಎದ್ದು ಗೋಡೆಗೆ ಒರಗಿದ್ದ ಸೊಸೆಯ ಕಡೆ ತಿರುಗಿದ.

"ಇನ್ನ ಕೂಸಿನ್ನ ತೊಗೊಂಡು ಬಾರವಾ" ಅಂದ.