ಹಾಲ್ ತುಂಬಿತ್ತು ಎಂದು ಬರೆದ ವಾರ

ಬೆಳಗಾವಿಯ ರವಿವಾರ ಪೇಟೆ ಎಂಬ ಬಜಾರಿನ ಶಟರ್‌ಗಳು ಒಂದಾದ ಮೇಲೊಂದು ಕೆಳಗೆ ಬೀಳುವ ಸದ್ದು ಈಗಲೂ ಕಿವಿಯಲ್ಲಿದೆ. ಮೊದಲು ದೂರದಲ್ಲೊಂದು, ಆಮೇಲೆ ಹತ್ತಿರದಲ್ಲೊಂದು, ಆಮೇಲೆ ನಾನು ನಿಂತಿದ್ದ ಅಂಗಡಿಯದೇ. ಶನಿವಾರ ಬೆಳಿಗ್ಗೆ ಹತ್ತರ ಸುಮಾರು. ಸಂಜೆಯ ಪುಸ್ತಕ ಬಿಡುಗಡೆಗೆಂದು ಶಾಲು ಕೊಂಡು ಹೊರಬರುತ್ತಿದ್ದೆ. ಅಂಗಡಿಯವರು, "ಬಾಯಾರ, ಬಂದ್ ಆತು, ಲಗೂನ ಮನಿ ಮುಟ್ರಿ" ಎಂದರು. ಯಾರೋ ಎಲ್ಲೋ ಒಂದು ಬೋರ್ಡಿಗೆ ಮಸಿ ಬಳಿದಿದ್ದರಂತೆ. ಯಾವ ಭಾಷೆಯ ಬೋರ್ಡು ಎಂದು ನಾನು ಕೇಳಲಿಲ್ಲ. ಬೆಳಗಾವಿಯಲ್ಲಿ ಆ ಪ್ರಶ್ನೆಯನ್ನು ರಸ್ತೆಯಲ್ಲಿ ನಿಂತು ಕೇಳಬಾರದು, ಮನೆಗೆ ಹೋಗಿ ಟೀವಿಯಲ್ಲಿ ನೋಡಬೇಕು.

ನಾನು ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತೇನೆ. ವಾರದ ಪುಸ್ತಕ, ವಾರದ ರಾಜಕಾರಣ, ವಾರದ ಸಂಸ್ಕೃತಿ, ಮೂರೂ ಒಂದೇ ಪುಟದಲ್ಲಿ. ಕಾನ್ವೆಂಟಿನಲ್ಲಿ ಕಲಿತವಳು ಕನ್ನಡದಲ್ಲಿ ಏನು ಬರೆದಾಳು ಎಂದು ಮೊದಮೊದಲು ಕೆಲವರು ಕೇಳಿದ್ದರು. ಕೇಳಿದವರು ಈಗ ಉಳಿದಿಲ್ಲ, ನಾನು ಇನ್ನೂ ಬರೆಯುತ್ತಿದ್ದೇನೆ. ಪತ್ರಿಕೆ ಶನಿವಾರ ಮಧ್ಯಾಹ್ನ ಪ್ರಿಂಟಿಗೆ ಹೋಗಿ ರವಿವಾರ ಮನೆಗಳಿಗೆ ಬರುತ್ತದೆ. ಊರಿನ ಪುಸ್ತಕ ಬಿಡುಗಡೆಗಳು ಬಹಳಷ್ಟು ಶನಿವಾರ ಸಂಜೆಯೇ. ಹೀಗಾಗಿ ವರದಿಯನ್ನು ಶುಕ್ರವಾರವೇ ಬರೆದು ಕೊಟ್ಟುಬಿಡುವುದು ನನ್ನ ಪದ್ಧತಿಯಾಗಿತ್ತು. ಅದರಲ್ಲಿ ಕಷ್ಟವೇನೂ ಇಲ್ಲ. ದೀಪ, ಸ್ವಾಗತ, ಬಣ್ಣದ ಕಾಗದದ ಪೊಟ್ಟಣ ಬಿಚ್ಚಿ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೋ, ಶಾಲು, ಹಣ್ಣಿನ ಬುಟ್ಟಿ. ಹಾಲ್ ತುಂಬಿರುತ್ತದೆ. ಲೇಖಕರು ಗದ್ಗದಿತರಾಗುತ್ತಾರೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಅಲ್ಲಗಳೆದಿರಲಿಲ್ಲ.

ಆ ಶನಿವಾರದ ಲೇಖಕರು ಖಾನಾಪುರದವರು. ಹಂಚಿನ ಕಾರ್ಖಾನೆಯಲ್ಲಿ ಮುಕಾದಮರಾಗಿದ್ದು, ಅಂದರೆ ಆಳುಗಳಿಂದ ಕೆಲಸ ಮಾಡಿಸುತ್ತಿದ್ದು, ರಿಟೈರ್ ಆದವರು. ಊರೆಲ್ಲ ಅವರನ್ನು ಮುಕಾದಮರೆಂದೇ ಕರೆಯುತ್ತಿತ್ತು. ಮನೆಯಲ್ಲಿ ದಖನಿ ಉರ್ದು, ಕಾರ್ಖಾನೆಯಲ್ಲಿ ಮರಾಠಿ, ಪುಸ್ತಕ ಬರೆದದ್ದು ಮಾತ್ರ ಕನ್ನಡದಲ್ಲಿ. ಯಾವ ಮಣ್ಣು ಸುಟ್ಟರೆ ಯಾವ ಬಣ್ಣಕ್ಕೆ ತಿರುಗುತ್ತದೆ, ಸರಿಯಾಗಿ ಬೆಂದ ಹಂಚನ್ನು ಬೆರಳಿನಿಂದ ಬಾರಿಸಿದರೆ ಹೇಗೆ ನುಡಿಯುತ್ತದೆ, ಇಂಥವೇ ಅದರ ತುಂಬ. ಪ್ರೂಫ್ ನೋಡಿದವಳು, ಬಿಡುಗಡೆ ಏರ್ಪಡಿಸಿದವಳು ನಾನು. ಮೊದಲ ಹಾಳೆಯಲ್ಲಿ ಒಂದೇ ಸಾಲು: "ಮಣ್ಣು ಹೊತ್ತು ನನ್ನನ್ನು ಓದಿಸಿದ ಆಪಾಗೆ." ಅವರ ಅಕ್ಕ ಅದೇ ಕಾರ್ಖಾನೆಯಲ್ಲಿ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತವರು. ಸಮಾರಂಭದಲ್ಲಿ ಆಪಾ ಮುಂದಿನ ಸಾಲಿನಲ್ಲಿ ಕೂರಬೇಕು ಎಂಬುದೊಂದೇ ಅವರ ಆಸೆ.

ಶಾಲು ಹಿಡಿದು ಟಿಳಕವಾಡಿಯ ಮನೆಗೆ ಬರುವಷ್ಟರಲ್ಲಿ ಬಸ್ಸುಗಳು ನಿಂತಿದ್ದವು. ಸಮಾರಂಭದ ಹಾಲ್ ನೋಡಿಕೊಳ್ಳುವವರು ಬೀಗ ಹಾಕಿದರು. ಮುಕಾದಮರಿಗೆ ಫೋನ್ ಮಾಡಿ ಕಾರ್ಯಕ್ರಮ ಕ್ಯಾನ್ಸಲ್ ಎಂದೆ. "ಇರಲಿ ಬಿಡ್ರಿ ಬಾಯಾರ, ಹಂಚ ಬೇಯಾಕ ಟೈಮ್ ಹಿಡೀತೈತಿ" ಎಂದರು. ಆಮೇಲೆ, ಡ್ಯೂಟಿ ಈಸ್ ಡ್ಯೂಟಿ ಎಂದುಕೊಂಡು, ಸಂಪಾದಕರಿಗೂ ಫೋನ್ ಮಾಡಿದೆ. "ಭಾಳ ಛಲೋ ಆತ್ರಿ, ಇನ್ನೂ ಪೇಜ್ ಹೋಗಿಲ್ಲ, ಹೇಳ್ರಿ" ಎಂದರು ಅವರು. ಬಂದ್ ಬಗ್ಗೆ ನಾಲ್ಕು ಸಾಲು ಹೇಳಿ ರಾಜಕಾರಣದ ಭಾಗಕ್ಕೆ ಸೇರಿಸಿದೆ. ಪುಸ್ತಕದ ಭಾಗ ನೆನಪಾಗಲೇ ಇಲ್ಲ.

ರವಿವಾರದ ಪುಟ ಹೀಗಿತ್ತು. ಎಡಗಡೆ: ನಗರ ಸಂಪೂರ್ಣ ಸ್ತಬ್ಧ, ಬಸ್ ಸಂಚಾರವಿಲ್ಲ. ಬಲಗಡೆ: ಕಿಕ್ಕಿರಿದ ಹಾಲ್‌ನಲ್ಲಿ ಪುಸ್ತಕ ಲೋಕಾರ್ಪಣೆ, ಮುಂದಿನ ಸಾಲಿನಲ್ಲಿ ಲೇಖಕರ ಕುಟುಂಬದವರು, ಗದ್ಗದಿತರಾದ ಲೇಖಕರು. ನನ್ನ ಓದುಗರಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಬುಧವಾರ ಮುಕಾದಮರ ಫೋನ್ ಬಂತು. ಆಪಾ ಅವರ ಜೊತೆ ಮಾತು ಬಿಟ್ಟಿದ್ದರು. "ಫಂಕ್ಷನ್ ಆಗಿಲ್ಲ ಅಂದ್ರ ಪೇಪರ್ ತೋರಸ್ತಾಳ್ರಿ. ನೀ ಮದ್ಲಿಂದ ಸುಳ್ಳ ಹೇಳಿದಾಂವ ಅಲ್ಲ, ದೊಡ್ಡವರ ಸಂಗ ಬಿದ್ದು ಕಲಿತಿ ಅಂತಾಳು."

ಮರುದಿನ ಟ್ರೇನ್ ಹತ್ತಿದೆ. ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ತಪ್ಪೊಪ್ಪಿಕೊಳ್ಳಲು ಕನ್ಫೆಶನ್‌ಗೆ ಹೋದಾಗ ನಾವು ಉಳಿದವರು ಹೊರಗಿನ ಬೆಂಚಿನ ಮೇಲೆ ಕೂತು ಹೊಟ್ಟೆಕಿಚ್ಚು ಪಡುತ್ತಿದ್ದೆವು. ಒಳಗೆ ಹೋದವರು ಐದು ನಿಮಿಷಕ್ಕೆ ಹಗುರಾಗಿ ಬರುತ್ತಿದ್ದರು. ನನ್ನ ಸರದಿ ಎಪ್ಪತ್ತು ದಾಟಿದ ಮೇಲೆ, ಖಾನಾಪುರದ ಒಂದು ಅಂಗಳದಲ್ಲಿ ಬಂತು.

ತಮ್ಮನದು ಬೇರೆ ಮನೆ, ಆಪಾ ಅವರದು ಬೇರೆ. ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದರು. ಬೆನ್ನು ಬಾಗಿತ್ತು, ಕುತ್ತಿಗೆ ಮಾತ್ರ ನೆಟ್ಟಗಿತ್ತು.

"ಕುಂದರ್ರಿ ಬಾಯಾರ. ಅವ ಕಳಿಸ್ಯಾನೇನು?"

"ಇಲ್ರಿ ಆಪಾ, ನಾನ ಬಂದೀನಿ. ಪೇಪರಿನ್ಯಾಗ ಬರದಾಕಿ ನಾನ. ಅದು ಸುಳ್ಳು."

"ಛಾಪಿಸಿದ್ದು ಸುಳ್ಳ ಹೆಂಗ ಆಗತೈತಿ?"

"ಶುಕ್ರವಾರನ ಬರದಿಟ್ಟಿದ್ದೆ. ಶನಿವಾರ ಹಾಲ್‌ನ್ಯಾಗ ಯಾರೂ ಇದ್ದಿಲ್ಲ."

ಮೊರ ನಿಂತಿತು. "ಹಾಲ್ ತುಂಬಿತ್ತು ಅಂತ ಬರದೀರಲ್ಲ?"

"ಯಾವಾಗಲೂ ಹಂಗ ಬರೀತೀನ್ರಿ."

"ಯಾವಾಗಲೂ?"

ನಾನು ಅಕ್ಕಿಯ ಕಡೆ ನೋಡಿದೆ.

"ಮುಂದಿನ ಸಾಲಿನ್ಯಾಗ ಕುಟುಂಬದವರು ಕುಂತಿದ್ರಂತ. ನಾ ಇಲ್ಲೇ ಈ ಮೊರ ಹಿಡಕೊಂಡು ಕುಂತಿದ್ದೆ. ಮಣ್ಣ ಹೊತ್ತಾಕಿ ಅಲ್ಲಿ ಶೋಭಸೂದಿಲ್ಲ ಅಂತ ನನಗ ಫಂಕ್ಷನ್ ಇಲ್ಲ ಅಂತ ಹೇಳಿ ತಾ ಹೋಗಿ ಬಂದಾನ. ಅವತ್ತ ಅವನ ಬಾಗಿಲಾ ಹಾಕಿತ್ತು. ಈಗ ನಿಮ್ಮನ್ನ ಮುಂದ ಮಾಡ್ಯಾನ."

ಬಾಗಿಲು ಹಾಕಿಕೊಂಡು ಮುಕಾದಮರು ಒಳಗೇ ಕೂತಿದ್ದರು ಎಂದೆ. ನಂಬಲಿಲ್ಲ. ಕೊನೆಗೆ ಆಪಾ ಅವರ ಸೊಸೆಯನ್ನು ಕರೆದು ಆ ಪುಟವನ್ನು ತರಿಸಿದೆ, ಎಡಗಡೆಯದನ್ನು ಓದಮ್ಮ ಎಂದೆ. ಆಕೆ ಓದಿದಳು. ಆಮೇಲೆ ಕೇಳದೆಯೇ ಬಲಗಡೆಯದನ್ನೂ ಓದಿ, ಬಾಯಿಗೆ ಸೆರಗು ಅಡ್ಡ ಹಿಡಿದಳು.

ಆಪಾ ನಗಲಿಲ್ಲ. "ಎರಡೂ ನೀವ ಬರದದ್ದೇನು?"

"ಹೌದ್ರಿ."

"ಇದರಾಗ ಖರೇ ಯಾವುದು?"

"ಬಂದ್ ಖರೇ. ಶಟರ್ ಬಿದ್ದದ್ದು ಕಿವಿಲೆ ಕೇಳೀನಿ."

ಅವರು ಬಹಳ ಹೊತ್ತು ಅಕ್ಕಿಯಲ್ಲಿ ಕಲ್ಲು ಹುಡುಕಿದರು. ಆಮೇಲೆ, "ಹಂಗಾದ್ರ ಫಂಕ್ಷನ್ ಇನ್ನ ಆಗಬೇಕು. ಇಲ್ಲೇ ಮಾಡ್ರಿ, ನನ್ನ ಕಣ್ಣ ಮುಂದ. ಅಲ್ಲೀತನಕ ಅವನ ಜೋಡಿ ನನ್ನ ಮಾತಿಲ್ಲ" ಎಂದರು.

ನಾನು ಹಗುರಾಗಲಿಲ್ಲ. ಟ್ರೇನಿನಲ್ಲಿ ಕೂತು ಮುಂದಿನ ಅಂಕಣದ ಮೊದಲ ಸಾಲು ಬರೆದೆ: ಕಳೆದ ವಾರ ಇಲ್ಲಿ ವರದಿಯಾದ ಸಮಾರಂಭ ನಡೆದಿಲ್ಲ. ಸಂಪಾದಕರು, "ಇದನ್ನ ಹಾಕಿದ್ರ ಜನ ಹಳೇ ಸಂಚಿಕಿ ತಗದು ಕುಂದರತಾರ್ರಿ" ಎಂದರು. ಹಾಕಿಸಿದೆ. ಒಬ್ಬರೂ ಹಳೆಯ ಸಂಚಿಕೆ ತೆಗೆದಂತೆ ಕಾಣಲಿಲ್ಲ. ಸ್ವಲ್ಪ ಬೇಸರವೇ ಆಯಿತು.

ಮುಂದಿನ ರವಿವಾರ ಮಧ್ಯಾಹ್ನ ಆಪಾ ಅವರ ಅಂಗಳದಲ್ಲಿ ಬಿಡುಗಡೆ. ಸ್ವಾಗತವೂ ನನ್ನದೇ, ವಂದನಾರ್ಪಣೆಯೂ ನನ್ನದೇ. ಸೊಸೆ, ಬಾಜೂ ಮನೆಯವರು, ಕಾರ್ಖಾನೆಯ ಹಳೆಯ ಐದಾರು ಮಂದಿ, ಕಟ್ಟಿ ಹಾಕಿದ ಒಂದು ಆಡು. ಅಂಗಳ ತುಂಬಿರಲಿಲ್ಲ. ಪೊಟ್ಟಣದ ರಿಬ್ಬನ್ನನ್ನು ಆಪಾ ಕತ್ತರಿಸಲು ಬಿಡದೆ ಉಗುರಿನಿಂದ ಗಂಟು ಬಿಡಿಸಿದರು, ಕಾಗದ ಹರಿಯದಂತೆ ತೆಗೆದು ಮಡಚಿ ತೊಡೆಯ ಕೆಳಗಿಟ್ಟುಕೊಂಡರು. ಪುಸ್ತಕವನ್ನು ತೆರೆಯಲಿಲ್ಲ. ಕಿವಿಯ ಹತ್ತಿರ ಹಿಡಿದು, ಹಂಚನ್ನು ಬಾರಿಸುವಂತೆ ಬೆರಳಿನಿಂದ ಬಾರಿಸಿದರು.

"ಬೆಂದೈತಿ ಅಂತ ಹೇಳ್ರಿ ಅವಗ" ಎಂದರು ನನಗೆ. ಮುಕಾದಮರು ಎರಡು ಮೊಳ ದೂರದಲ್ಲಿ ಕೂತಿದ್ದರು. ನಾನು ಹೇಳಿದೆ.

ಮುಕಾದಮರು ಗದ್ಗದಿತರಾಗಲಿಲ್ಲ. ಮಣ್ಣಿನ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಆಡು ಮಲಗಿತು. ಅವರಿಗೆ ಶಾಲು ಹೊದಿಸಿದೆ.

ನನ್ನನ್ನು ಬೀಳ್ಕೊಡಲು ಮುಕಾದಮರು ಸ್ಟೇಷನ್ನಿಗೆ ಬಂದರು. ಆಪಾ ಕೂಡ ಕೋಲೂರಿಕೊಂಡು ಹಿಂದೆಯೇ ಬಂದರು, ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಬೆಂಚಿನ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು, ನಡುವೆ ನಾನು. ಟ್ರೇನ್ ತಡವಾಗಿತ್ತು. ಮೂವರೂ ಹಳಿ ನೋಡುತ್ತಾ ಕೂತೆವು.

ಮುಂದಿನ ಮಳೆಗಾಲದಲ್ಲಿ ಮುಕಾದಮರು ತೀರಿಕೊಂಡರು. ಆ ಸುದ್ದಿಯನ್ನು ಎರಡು ಸಲ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೆ ಬರೆದೆ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಬಿಡುಗಡೆಯ ಆ ದಿನವೇ, ಟ್ರೇನಿನ ಕಿಟಕಿಯಿಂದ. ಅಷ್ಟು ಬಿಸಿಲಿನಲ್ಲೂ ಅವರು ಶಾಲು ಹೊದ್ದೇ ನಿಂತಿದ್ದರು. ಗಾಡಿ ಅಲುಗಿತು. ಬೆಂಚಿನ ಆ ತುದಿಯಿಂದ ಆಪಾ ಎದ್ದು ಬಂದು, ಕೋಲನ್ನು ತಮ್ಮನ ಕೈಗೆ ಕೊಟ್ಟು, ಅವರ ಹೆಗಲಿನಿಂದ ಶಾಲು ಎಳೆದು ಮಡಚತೊಡಗಿದರು. ಮಡಚುತ್ತಾ ಒಂದೇ ಸಮನೆ ಬೈಯುತ್ತಿದ್ದರು, ನೇರವಾಗಿ ಅವರ ಮುಖ ನೋಡಿ. ಅವರು ತಲೆ ಅಲ್ಲಾಡಿಸುತ್ತಿದ್ದರು. ಏನು ಬೈದರೋ ಗಾಡಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಹೀಗಾಗಿ ಬರೆಯಲಾರೆ.