ದಾಟಬಾರದ ಕೋಲು

ನಮ್ಮ ಅಂಕೋಲೆಯ ಕಡಲತಡಿಯಲ್ಲಿ ಹರಡಿಟ್ಟ ಬಲೆಯನ್ನು ಯಾರೂ ದಾಟುವುದಿಲ್ಲ. ದೋಣಿಯ ಹುಟ್ಟನ್ನೂ ಅಷ್ಟೇ. ಎಷ್ಟೇ ಅವಸರವಿರಲಿ, ಸುತ್ತುಹಾಕಿಯೇ ಹೋಗಬೇಕು. ಅನ್ನ ಕೊಡುವುದನ್ನು ಕಾಲಡಿ ಮಾಡಬಾರದು ಎಂದು ನನ್ನಮ್ಮ, ಆಯಿ, ಹೇಳಿಕೊಟ್ಟಿದ್ದಳು. ಚಿಕ್ಕವಳಿದ್ದಾಗ ಒಮ್ಮೆ ದಾಟಿದ್ದಕ್ಕೆ ಬೆನ್ನಿಗೆ ಬಿದ್ದ ಗುದ್ದು ಇನ್ನೂ ನೆನಪಿದೆ.

ಹಾಗಾಗಿ ಶಾಲೆಯ ಪಿ.ಟಿ. ಮಾಸ್ತರರು ಹಾಕಿ ಆಟದ ಸ್ಟಿಕ್ ಕೈಗೆ ಕೊಟ್ಟಾಗ, ಯಾರೂ ಹೇಳದೆಯೇ ನಾನು ಅದನ್ನೂ ಬಲೆ, ಹುಟ್ಟುಗಳ ಸಾಲಿಗೆ ಸೇರಿಸಿಬಿಟ್ಟೆ. ಅಪ್ಪ ಮಾತ್ರ ಅದನ್ನು ಬಡಿಗೆ ಎಂದೇ ಕರೆಯುತ್ತಿದ್ದ. "ಮೀನು ಮಾರೂಕೆ ಬಾರದವಳು ಬಡಿಗೆ ಹಿಡದು ಎಂತ ಮಾಡ್ತಾಳಂತೆ?" ಎನ್ನುತ್ತಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ಸಿಟ್ಟಿನಲ್ಲೇ ಇಳಿತದ ಹೊತ್ತಿನ ಗಟ್ಟಿ ಮರಳಿನ ಮೇಲೆ ಓಡಿ ಓಡಿ, ಕಾರವಾರದಲ್ಲಿ ಜಿಲ್ಲಾ ಪಂದ್ಯಗಳನ್ನಾಡಿ, ರಾಜ್ಯ ತಂಡಕ್ಕೂ ಬಂದೆ. ಆಮೇಲೆ ಬೆಂಗಳೂರಿನಲ್ಲಿ ಭಾರತ ತಂಡದ ಆಯ್ಕೆಗೆ ಮೂರು ದಿನದ ಶಿಬಿರ.

ಮೊದಲ ದಿನವೇ ಕೋಚ್ ಮೇಡಂ ಹತ್ತು ಸ್ಟಿಕ್‌ಗಳನ್ನು ಏಣಿಯ ಮೆಟ್ಟಿಲಿನಂತೆ ನೆಲಕ್ಕಿಟ್ಟು, ಒಂದೊಂದನ್ನೇ ಹಾರಿ ದಾಟಲು ಹೇಳಿದರು. ಉಳಿದವರು ಹಾರಿಹೋದರು. ನನ್ನ ಸರದಿ ಬಂದಾಗ ಕಾಲು ಏಳಲೇ ಇಲ್ಲ. ಸೀಟಿ ಊದಿದರು. ನಾನು ಹತ್ತೂ ಸ್ಟಿಕ್‌ಗಳ ಪಕ್ಕದಿಂದ ಸುತ್ತುಹಾಕಿ ಓಡಿ, ಏನೂ ಆಗದವಳಂತೆ ಆಚೆ ತುದಿಯಲ್ಲಿ ನಿಂತೆ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಗಲಿಲ್ಲ.

"ಮಂಡಿನೋವು ಮುಚ್ಚಿಟ್ಟು ಬಂದಿದ್ದೀಯಾ? ನಾಳೆಯೂ ಹೀಗೇ ಮಾಡಿದರೆ ಊರಿಗೆ ಹೊರಡು," ಎಂದರು. ನಿಜ ಹೇಳಲು ನಾಚಿಕೆಯಾಯಿತು.

ಸಂಜೆ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ ಆಯಿಯನ್ನು ಕರೆಸಿದೆ. ನಡೆದದ್ದನ್ನು ಹೇಳುವಾಗ ಅಳು ಬಂತು.

"ದೋಣಿ ಒಳಗೂ ಬಲೆ ಇರ್ತದಲಾ ತಂಗಿ. ಅಲ್ಲಿ ನಿನ್ನ ಅಪ್ಪ ಸುತ್ತು ಹಾಕೂಕೆ ಸಮುದ್ರಕ್ಕೆ ಇಳೀತಾನ?" ಎಂದಳು ಆಯಿ. "ಮುಟ್ಟಿ ನಮಸ್ಕಾರ ಮಾಡ್ತಾನೆ, ದಾಟ್ತಾನೆ. ಕೆಲಸದ ಹೊತ್ತಿಗೆ ದೋಷ ಇಲ್ಲ. ನೀನೂ ಹಂಗೇ ಮಾಡು."

ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ನೀ ಕೇಳಿದ್ಯಾ?" ಎಂದಳು.

ಮರುದಿನ ಮೊದಲ ಸ್ಟಿಕ್ಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಾರಿದೆ. ಹತ್ತನ್ನೂ ದಾಟಿ ತಿರುಗಿ ನೋಡಿದಾಗ ಮೇಡಂ ಹಾಳೆಯಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಮೂರನೆಯ ದಿನ ಓದಿದ ಪಟ್ಟಿಯಲ್ಲಿ ನನ್ನ ಹೆಸರು ಕಟ್ಟಕಡೆಯದು. ಕಡೆಯದಾದರೇನು, ಇತ್ತು! ನಾನು ಅಲ್ಲೇ ಕುಣಿದುಬಿಟ್ಟೆ.

ಭಾರತದ ಜರ್ಸಿ ತೊಟ್ಟು ಮೊದಲ ವಿದೇಶ ಪಂದ್ಯಾವಳಿ ಆಡಿ ಮನೆಗೆ ಬಂದ ದಿನ, ದಣಿವಿನಲ್ಲಿ ಸ್ಟಿಕ್ಕನ್ನು ಬಾಗಿಲಿಗೆ ಅಡ್ಡಲಾಗಿ ಬಿಟ್ಟು ಜಗಲಿಯಲ್ಲೇ ಮಲಗಿಬಿಟ್ಟಿದ್ದೆ. ಎಚ್ಚರವಾದಾಗ ಅಪ್ಪ ಕಡಲಿಗೆ ಹೊರಡುತ್ತಿದ್ದ. ಒಳಗಿನಿಂದ ಬಾಗಿಲವರೆಗೆ ಬಂದವನು ನಿಂತ, ಕೆಳಗೆ ನೋಡಿದ. ನಾನು ನಿದ್ದೆ ನಟಿಸುತ್ತಾ ಅರೆಗಣ್ಣಲ್ಲೇ ನೋಡುತ್ತಿದ್ದೆ.

ಅವನು ದಾಟಲಿಲ್ಲ. ಹಿತ್ತಿಲ ಬಾಗಿಲಿಂದ ಹೊರಬಿದ್ದು, ಇಡೀ ಮನೆ ಸುತ್ತುಹಾಕಿ ದೋಣಿಯ ಕಡೆ ಹೋದ.